ಉಪ್ಪುನೀರಿನ ರೀಫ್ ಟ್ಯಾಂಕ್ ಇಡುವವರಿಗೆ ಅದರಲ್ಲಿ ಏನು ಸಿಗುತ್ತದೆ?

ಕಿರಣ್, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲಿ ಸಿಹಿನೀರಿನ ಟ್ಯಾಂಕ್ ಇಟ್ಟಿದ್ದೇನೆ. ನಿಯಾನ್ ಟೆಟ್ರಾ, ಕೋರಿ, ಒಂದಿಷ್ಟು ಗಿಡ. ವಾರಕ್ಕೊಮ್ಮೆ ನೀರು ಬದಲಾಯಿಸಿದರೆ ಮುಗೀತು.

ಬೇಸಿಗೆಯಲ್ಲಿ ಅಕ್ಕನ ಮನೆಗೆ, ನ್ಯೂಜೆರ್ಸಿಗೆ ಹೋಗಿದ್ದೆ. ಭಾವ ಹಾಲ್‌ನಲ್ಲಿ ರೀಫ್ ಟ್ಯಾಂಕ್, ಅಂದರೆ ಜೀವಂತ ಹವಳ ಬೆಳೆಸುವ ಟ್ಯಾಂಕ್, ಇಟ್ಟಿದ್ದಾರೆ. ನೋಡೋಕೆ ಚೆನ್ನಾಗಿದೆ, ಎರಡು ಮಾತಿಲ್ಲ. ಆದರೆ ಭಾವ ಮೀನಿಗಿಂತ ಜಾಸ್ತಿ ಟೆಸ್ಟ್ ಕಿಟ್ಟನ್ನೇ ನೋಡುತ್ತಾ ಕೂತಿರುತ್ತಾರೆ. ಗಾಜಿನ ಸೀಸೆಗೆ ನೀರು ತುಂಬಿಸಿ, ಹನಿ ಹನಿ ಏನೋ ಹಾಕಿ, ಲೈಟಿಗೆ ಹಿಡಿದು ಬಣ್ಣ ನೋಡಿ, ಪುಸ್ತಕದಲ್ಲಿ ಬರೆದಿಡುತ್ತಾರೆ. ಕೆಳಗಿನ ಬಾಗಿಲು ತೆಗೆದರೆ ಇನ್ನೊಂದು ಟ್ಯಾಂಕ್, ಪಂಪು, ನೊರೆ ಎತ್ತುವ ಸ್ಕಿಮ್ಮರ್, ಬರೀ ವೈರು. ಇಷ್ಟೆಲ್ಲ ಮಾಡಿ ಮೀನು ಇರೋದು ಐದೇ ಐದು.

ಅಕ್ಕನನ್ನು ಕೇಳಿದರೆ ನಕ್ಕು ಸುಮ್ಮನಾದಳು. ಭಾವನನ್ನು ಕೇಳಿದರೆ "ಸ್ವಲ್ಪ ಹೊತ್ತು ಕೂತು ನೋಡೋ" ಅಂದರು, ಅಷ್ಟೇ. ಇದು ದುಡ್ಡಿರುವವರ ಗ್ಯಾಜೆಟ್ ಹುಚ್ಚಾ, ಇಲ್ಲಾ ನನಗೆ ಕಾಣದೇ ಇರುವುದು ಏನಾದರೂ ಇದೆಯಾ? ಇಟ್ಟವರು ದಯವಿಟ್ಟು ಹೇಳಿ. ನಮ್ಮ ಕಡೆ ಇಡೋಕೆ ಆಗುತ್ತಾ ಅನ್ನೋದನ್ನೂ ತಿಳಿಸಿ.

ಶಾಲಿನಿ, ಕೊಲಂಬಸ್, ಒಹಾಯೊ

ಕಿರಣ್, ನಿಮ್ಮ ಭಾವ ಆ ಸೀಸೆಯಲ್ಲಿ ಏನು ನೋಡುತ್ತಿದ್ದರು ಅನ್ನೋದರಿಂದಲೇ ಶುರು ಮಾಡುತ್ತೇನೆ. ನನ್ನ ಮಟ್ಟಿಗೆ ಉತ್ತರ ಅಲ್ಲೇ ಇದೆ.

ಅದು ಹೆಚ್ಚುಕಡಿಮೆ ಆಲ್ಕಲಿನಿಟಿ ಟೆಸ್ಟ್, ಅಂದರೆ ನೀರಿನಲ್ಲಿ ಕಾರ್ಬೊನೇಟ್ ಎಷ್ಟಿದೆ ಅಂತ ನೋಡುವ ಟೆಸ್ಟ್ ಇರಬೇಕು. ನಾನು ಬಳಸುವ ಕಿಟ್ಟಿನಲ್ಲಿ 5 ಎಂಎಲ್ ಟ್ಯಾಂಕ್ ನೀರು ತಗೋಬೇಕು. ಮೊದಲ ಹನಿಗೆ ನೀರು ನೀಲಿಯಾಗುತ್ತದೆ. ಒಂದೊಂದೇ ಹನಿ ಹಾಕಿ ಅಲ್ಲಾಡಿಸುತ್ತಾ ಹೋದರೆ ಒಂದು ಹನಿಗೆ ಥಟ್ಟನೆ ಹಳದಿಗೆ ತಿರುಗುತ್ತದೆ. ಎಷ್ಟನೇ ಹನಿಗೆ ತಿರುಗಿತೋ ಅಷ್ಟು ಡಿಕೆಎಚ್, ಅದು ಆಲ್ಕಲಿನಿಟಿಯ ಅಳತೆ. ಸಮುದ್ರದಲ್ಲಿ ಇದು ಸುಮಾರು 7. ನಾವು ಟ್ಯಾಂಕಿನಲ್ಲಿ 8ರಿಂದ 9 ಇಟ್ಟುಕೊಳ್ಳುತ್ತೇವೆ.

ಈಗ ಮುಖ್ಯ ವಿಷಯ. ಮೊನ್ನೆ 9 ಇದ್ದದ್ದು ಇವತ್ತು 8ಕ್ಕೆ ಇಳಿದಿದೆ ಅಂದುಕೊಳ್ಳಿ. ಎಲ್ಲಿ ಹೋಯಿತು? ಹವಳ ತಗೊಂಡಿತು. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಹೀರಿಕೊಂಡು ಅದು ತನ್ನ ಕೆಳಗೆ ಸುಣ್ಣದ ಕಲ್ಲು ಕಟ್ಟಿದೆ. ಎರಡು ದಿನದಲ್ಲಿ ಎಷ್ಟು ಬೆಳೆಯಿತು ಅಂತ ಕಣ್ಣಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹನಿ ಎಣಿಸಿದರೆ ಗೊತ್ತಾಗುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಸಂಖ್ಯೆ ವಾರಗಟ್ಟಲೆ ಅಲ್ಲಾಡುವುದೇ ಇಲ್ಲ. ಅದು ಮೊದಲ ಸಲ ತಾನಾಗಿ ಇಳಿದ ದಿನ ನಾನು ಗಂಡನನ್ನು ಆಫೀಸ್ ಕಾಲ್ ಮಧ್ಯದಿಂದ ಎಬ್ಬಿಸಿ ಕರೆದು ತೋರಿಸಿದ್ದೆ. ಹವಳ ಬದುಕಿದೆ ಅಷ್ಟೇ ಅಲ್ಲ, ಮನೆ ಕಟ್ಟೋಕೆ ಶುರು ಮಾಡಿದೆ ಅಂತ ಅರ್ಥ.

ಹವಳ ಗಿಡ ಅಲ್ಲ, ಬರೀ ಕಲ್ಲೂ ಅಲ್ಲ. ಪ್ರಾಣಿ. ಮಾಂಟಿಪೋರದಂಥ ಹವಳದಲ್ಲಿ ಒಂದೆರಡು ಮಿಲಿಮೀಟರಿನ ಪಾಲಿಪ್‌ಗಳು ಸಾವಿರಾರು ಇರುತ್ತವೆ. ಒಂದೊಂದಕ್ಕೂ ಒಂದು ಬಾಯಿ, ಸುತ್ತ ಪುಟ್ಟ ಕೈಗಳು. ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಪಾಚಿ ಬೆಳಕಿನಲ್ಲಿ ಸಕ್ಕರೆ ಮಾಡಿ ಹವಳಕ್ಕೆ ಕೊಡುತ್ತದೆ, ಹವಳ ಪಾಚಿಗೆ ಇರೋಕೆ ಜಾಗ ಕೊಡುತ್ತದೆ. ನೀರು ಜಾಸ್ತಿ ಬಿಸಿಯಾದರೆ ಈ ಜೋಡಿ ಮುರಿಯುತ್ತದೆ. ಪಾಚಿ ಹೊರಗೆ ಹೋಗಿ ಹವಳ ಬೆಳ್ಳಗಾಗುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಇದೇ. ಪೇಪರಿನಲ್ಲಿ ಓದಿದರೆ ಅದೊಂದು ಸುದ್ದಿ. ಮನೆಯಲ್ಲಿ 26 ಡಿಗ್ರಿ ಕಾಪಾಡಿಕೊಂಡು ಬಂದವರಿಗೆ ಎರಡು ಡಿಗ್ರಿ ಏರಿದರೆ ಏನಾಗುತ್ತದೆ ಅಂತ ಕೈಯಾರೆ ಗೊತ್ತಿರುತ್ತದೆ.

ಎರಡನೆಯದು, ನಾವು ಹಾಕದೇ ಇದ್ದದ್ದೂ ಅಲ್ಲಿರುತ್ತದೆ. ಫ್ಲೋರಿಡಾದಲ್ಲಿ ಸಮುದ್ರದೊಳಗೆ ಕಲ್ಲು ಇಳಿಸಿ, ವರ್ಷಗಟ್ಟಲೆ ಬಿಟ್ಟು, ಆಮೇಲೆ ಎತ್ತಿ ಮಾರುವವರಿದ್ದಾರೆ. ನನ್ನ ಕಲ್ಲು ಬಂದದ್ದು ಹಾಗೆ. ಲೈಟ್ ಆರಿದ ಮೇಲೆ ಕೆಂಪು ಟಾರ್ಚ್ ಹಾಕಿ ನೋಡಿದರೆ ಬೇರೆಯದೇ ಲೋಕ. ಬಿರುಕಿನಿಂದ ಬ್ರಿಟಲ್ ಸ್ಟಾರ್ ಅನ್ನುವ ನಕ್ಷತ್ರಮೀನಿನಂಥ ಜೀವಿ ಕೈ ಚಾಚಿರುತ್ತದೆ. ಗಾಜಿನ ಮೇಲೆ ಕೋಪಿಪಾಡ್ ಅನ್ನುವ ಚುಕ್ಕೆಯಷ್ಟು ಸಣ್ಣ ಜೀವಿಗಳು ಓಡಾಡುತ್ತಿರುತ್ತವೆ. ಅಕ್ಕಿಕಾಳಿಗಿಂತ ಸಣ್ಣ ಹುಳ ಒಂದು ಕೊಳವೆಯಿಂದ ಗರಿ ಬಿಚ್ಚಿ ನಿಂತಿರುತ್ತದೆ, ನೆರಳು ಬಿದ್ದರೆ ಸರಕ್ಕನೆ ಒಳಗೆ. ಇವನ್ನೆಲ್ಲ ನಾನು ತಂದು ಬಿಟ್ಟಿಲ್ಲ.

ಸಿಗಡಿ ವಿಷಯ ಹೇಳದೇ ಇರೋಕೆ ಆಗಲ್ಲ. ನನ್ನಲ್ಲಿ ಹಳದಿ ವಾಚ್‌ಮನ್ ಗೋಬಿ ಅನ್ನುವ ಒಂದು ಮೀನು, ಒಂದು ಪಿಸ್ತೂಲ್ ಸಿಗಡಿ ಇವೆ. ಸಿಗಡಿಗೆ ಕಣ್ಣು ಅಷ್ಟಕ್ಕಷ್ಟೇ. ಕಲ್ಲಿನ ಬುಡದಲ್ಲಿ ಬಿಲ ತೋಡಿ, ಮರಳನ್ನು ಜೆಸಿಬಿ ಥರ ತಳ್ಳಿಕೊಂಡು ಬಂದು ಬಾಗಿಲಲ್ಲಿ ಸುರಿಯುತ್ತದೆ. ಬಾಗಿಲಲ್ಲಿ ಗೋಬಿ ಕಾವಲು. ಹೊರಗೆ ಬಂದಾಗೆಲ್ಲ ಸಿಗಡಿಯ ಒಂದು ಮೀಸೆ ಗೋಬಿಯ ಮೈ ಮೇಲೇ ಇರುತ್ತದೆ. ಬೇರೆ ಮೀನು ಹತ್ತಿರ ಬಂದರೆ ಗೋಬಿ ಬಾಲ ಅದುರಿಸುತ್ತದೆ, ಸಿಗಡಿ ಮರಳನ್ನು ಅಲ್ಲೇ ಬಿಟ್ಟು ಒಳಗೆ. ಅಂಗಡಿಯಿಂದ ಎರಡನ್ನೂ ಬೇರೆ ಬೇರೆ ತಂದಿದ್ದೆ. ಬೆಳಿಗ್ಗೆ ನೋಡಿದರೆ ಒಂದೇ ಬಿಲದಲ್ಲಿದ್ದವು. ಯಾರೂ ಕಲಿಸಿದ್ದಲ್ಲ. ಇದನ್ನು ನೋಡೋಕೆ ಐದು ಮೀನೂ ಬೇಕಿಲ್ಲ, ಒಂದು ಸಾಕು.

ಗ್ಯಾಜೆಟ್ ಹುಚ್ಚು ಅನ್ನೋ ಮಾತಿಗೆ ಬರುತ್ತೇನೆ. ಪಂಪು, ಕರೆಂಟು ಏನೂ ಇಲ್ಲದ ಕಾಲದಲ್ಲೂ ಈ ಆಸೆ ಇತ್ತು. 1846ರಲ್ಲಿ ಅನ್ನಾ ಥಿನ್ ಅನ್ನುವ ಹೆಂಗಸು ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದು ಮನೆಯಲ್ಲಿ ಸಾಕಿದಳು. ನೀರಿಗೆ ಗಾಳಿ ಸೇರಬೇಕಲ್ವಾ? ಅರ್ಧ ಮುಕ್ಕಾಲು ಗಂಟೆ, ತೆರೆದ ಕಿಟಕಿಯ ಮುಂದೆ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿಸುತ್ತಿದ್ದಳು. ಸುರಿಯುವ ಕೆಲಸ ಮನೆಕೆಲಸದವಳದು. ಆ ಹೆಣ್ಣುಮಗಳ ಹೆಸರು ಯಾರಿಗೂ ನೆನಪಿಲ್ಲ ಅನ್ನೋದು ನನಗೆ ಬೇಜಾರಿನ ಸಂಗತಿ. ಇವತ್ತು ಅದೇ ಕೆಲಸವನ್ನು ನಿಮ್ಮ ಭಾವನ ಪಂಪು ಮಾಡುತ್ತಿದೆ.

ಕೊನೆಯದಾಗಿ ಜನ. ಬರ್ಲಿನ್ನಿನಲ್ಲಿ ಡೀಟ್ರಿಖ್ ಸ್ಟ್ಯೂಬರ್ ಅನ್ನುವವರು 80ರ ದಶಕದಲ್ಲಿ ಒಂದು ಅಕ್ರೊಪೋರ ಹವಳ ಬೆಳೆಸಿ, ಅದರ ತುಂಡು ಮುರಿದು ಮುರಿದು ಗೆಳೆಯರಿಗೆ ಕೊಟ್ಟರು. ಅವರು ಇನ್ನೊಬ್ಬರಿಗೆ ಕೊಟ್ಟರು. ಹೀಗೆ ಯೂರೋಪಿನ ಎಷ್ಟೋ ಮನೆಗಳಿಗೆ ಅದು ಹೋಯಿತು. ಇಲ್ಲೂ ಚಳಿಗಾಲದಲ್ಲಿ ಫ್ರ್ಯಾಗ್ ಸ್ವಾಪ್, ಅಂದರೆ ಹವಳದ ತುಂಡು ಕೊಟ್ಟು ತಗೊಳ್ಳುವ ಸಂತೆ, ನಡೆಯುತ್ತದೆ. ಒಂದು ಹಾಲ್, ಉದ್ದ ಟೇಬಲ್ಲು, ನೀಲಿ ಲೈಟಿನ ಕೆಳಗೆ ತುಂಡು ಹವಳ. ಪರಿಚಯದ ಒಬ್ಬರ ಹೀಟರ್ ಆಫ್ ಆಗದೆ ರಾತ್ರೋರಾತ್ರಿ ಟ್ಯಾಂಕ್ ಪೂರ್ತಿ ಹೋಯಿತು. ಅವರು ಹಿಂದೆ ನಮಗೆಲ್ಲ ಕೊಟ್ಟಿದ್ದ ಮಾಂಟಿಪೋರದ್ದೇ ತುಂಡುಗಳನ್ನು ನಾವು ಮೂರ್ನಾಲ್ಕು ಮನೆಯವರು ತಿರುಗಿ ಕೊಟ್ಟೆವು. ಅವರ ಹವಳ ಅವರಿಗೇ ಸಿಕ್ಕಿತು.

ಪ್ರವೀಣ, ಭಟ್ಕಳ

ಶಾಲಿನಿ ಅಕ್ಕ, ಓದಿ ಖುಷಿಯಾಯ್ತು. ಆದರೆ ನನ್ನದೊಂದು ತಕರಾರು ಇದೆ. ನಾನು ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯಲ್ಲಿ ಡೈವ್ ಮಾಡುತ್ತೇನೆ. ಅಲ್ಲಿ ಬಂಡೆ ಸಂದಿಯಲ್ಲಿ ಬಟರ್‌ಫ್ಲೈ ಮೀನು ಜೋಡಿಯಾಗಿ ಹೋಗುವುದನ್ನು ನೋಡಿದವನಿಗೆ, ಅದನ್ನು ನಾಲ್ಕು ಅಡಿ ಗಾಜಿನಲ್ಲಿ ನೋಡೋಕೆ ಮನಸ್ಸು ಬರಲ್ಲ. ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆ ಸಯನೈಡ್ ಚಿಮುಕಿಸಿ ಮೀನು ಹಿಡಿದು ಮಾರಿದ ಕಥೆ ಎಲ್ಲರಿಗೂ ಗೊತ್ತು. ಪ್ರೀತಿ ಇದ್ದರೆ ಅಲ್ಲೇ ಹೋಗಿ ನೋಡಬಹುದಲ್ವಾ?

ಶಾಲಿನಿ, ಕೊಲಂಬಸ್, ಒಹಾಯೊ

ಪ್ರವೀಣ, ಈ ತಕರಾರು ಸರಿಯಾಗಿದೆ. ಸಯನೈಡ್ ಬರೀ ಮೀನನ್ನಲ್ಲ, ಸುತ್ತಲಿನ ಹವಳವನ್ನೂ ಕೊಲ್ಲುತ್ತದೆ. ಬಟರ್‌ಫ್ಲೈ ಮೀನಿನಲ್ಲಿ ಎಷ್ಟೋ ಜಾತಿ ಹವಳದ ಪಾಲಿಪ್ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಅಂಥವನ್ನು ಮನೆಗೆ ತರುವುದು ಉಪವಾಸ ಕೆಡವಿ ಸಾಯಿಸಿದ ಹಾಗೆಯೇ. ಅಂಥ ಮೀನನ್ನು ಯಾವ ಅಂಗಡಿಯಲ್ಲಿ ಕಂಡರೂ ಕೊಳ್ಳಬೇಡಿ ಅಂತಲೇ ನಾನು ಹೇಳೋದು.

ನಾನು ಮಾಡಿಕೊಂಡ ನಿಯಮ ಇದು: ಸಾಕಿ ಬೆಳೆಸಿದ್ದು ಸಿಗುವಾಗ ಸಮುದ್ರದಿಂದ ಹಿಡಿದದ್ದು ಬೇಡ. ಕ್ಲೌನ್ ಮೀನು ಈಗ ಹ್ಯಾಚರಿಯಲ್ಲಿ, ಅಂದರೆ ಮರಿ ಮಾಡಿಸಿ ಬೆಳೆಸುವ ಕಡೆ, ಧಾರಾಳ. ಹಳದಿ ಟ್ಯಾಂಗ್ ಮೀನು ಮೊಟ್ಟೆಯಿಂದ ಬೆಳೆಸೋಕೆ ಬಹಳ ಕಷ್ಟದ್ದು, ಮರಿ ಅಷ್ಟು ಸೂಕ್ಷ್ಮ. ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ 2015ರಲ್ಲಿ ಅದನ್ನೂ ಸಾಧಿಸಿತು. ಬಂಗ್ಗಾಯ್ ಕಾರ್ಡಿನಲ್ ಇಂಡೋನೇಷ್ಯಾದ ಕೆಲವೇ ದ್ವೀಪಗಳ ಸುತ್ತ ಇರುವ ಮೀನು. ಜಾಸ್ತಿ ಹಿಡಿದು ಹಿಡಿದು ಅಳಿವಿನ ಅಂಚಿಗೆ ಬಂದಿದೆ. ಆದರೆ ಮನೆ ಟ್ಯಾಂಕಿನಲ್ಲೂ ಮರಿ ಮಾಡುತ್ತದೆ. ಗಂಡು ಬಾಯಲ್ಲೇ ಮೊಟ್ಟೆ ಇಟ್ಟುಕೊಂಡು, ಮರಿ ಹೊರಬರುವ ತನಕ ಊಟ ಬಿಟ್ಟಿರುತ್ತದೆ.

ಇನ್ನೊಂದು ಮಾತು. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಜೇಮಿ ಕ್ರ್ಯಾಗ್ಸ್ ತಂಡ ಟ್ಯಾಂಕಿನೊಳಗೇ ಚಂದ್ರನ ಬೆಳಕು, ಋತುವಿನ ಬಿಸಿ ಎಲ್ಲವನ್ನೂ ಲೆಕ್ಕ ಹಾಕಿ ಬದಲಾಯಿಸಿ, ಹವಳ ಮೊಟ್ಟೆ ಬಿಡುವ ಹಾಗೆ ಮಾಡಿದೆ. ಸಮುದ್ರದಲ್ಲಿ ಹವಳ ವರ್ಷಕ್ಕೆ ಕೆಲವೇ ರಾತ್ರಿ ಮಾತ್ರ ಮೊಟ್ಟೆ ಬಿಡುವುದು. ಹವಳ ಸಾಕುವ ಕೈಚಳಕ ಜಗತ್ತಿನಲ್ಲಿ ಉಳಿದಿರಬೇಕು ಅಂತ ನನಗೆ ಅನ್ನಿಸುವುದು ಇಂಥದ್ದಕ್ಕೆ. ನೇತ್ರಾಣಿಗೆ ಹೋಗೋದನ್ನು ನೀವು ಬಿಡಬೇಡಿ. ಊರಿಗೆ ಬಂದಾಗ ನಾನೂ ಬರುತ್ತೇನೆ.

ರಾಘು, ಬೆಂಗಳೂರು

ಕಿರಣ್, ನಮ್ಮ ಕಡೆ ಆಗುತ್ತಾ ಅಂತ ಕೇಳಿದ್ದೀರಿ. ಮೊದಲು ಕಾನೂನು ತಿಳಿದುಕೊಳ್ಳಿ. ಕಲ್ಲು ಕಟ್ಟುವ ಎಲ್ಲ ಹವಳಗಳು, ಕಪ್ಪು ಹವಳ, ಬೀಸಣಿಗೆಯಂಥ ಸೀ ಫ್ಯಾನ್ ಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿವೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಸತ್ತ ಹವಳದ ತುಂಡೂ ಬೇಡ. "ಲೋಕಲ್ ಲೈವ್ ರಾಕ್" ಅಂತ ಇಲ್ಲಿನ ಸಮುದ್ರದಿಂದ ಎತ್ತಿದ ಜೀವಿ ತುಂಬಿದ ಕಲ್ಲನ್ನು ಯಾರಾದರೂ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಹೊರದೇಶದ್ದು ಅಂದರೆ ಕಾಗದಪತ್ರ ಕೇಳಿ, ಕಾಗದ ಇಲ್ಲದಿದ್ದರೆ ಬೇಡ.

ಹಾಗಾಗಿ ನಾನು ಇಟ್ಟಿರೋದು ಹವಳ ಇಲ್ಲದ ಉಪ್ಪುನೀರಿನ ಟ್ಯಾಂಕ್. ಕಾರ್ಖಾನೆಯಲ್ಲಿ ಮಾಡಿದ ಸೆರಾಮಿಕ್ ಕಲ್ಲು, ಒಂದು ಜೊತೆ ಕ್ಲೌನ್, ಒಂದು ಕ್ಲೀನರ್ ಸಿಗಡಿ. ಶಾಲಿನಿ ಮೇಡಂ ಹೇಳಿದ ಖುಷಿ ಇದರಲ್ಲೂ ಇದೆ. ಕ್ಲೌನ್ ಮೀನು ಹುಟ್ಟುವಾಗ ಎಲ್ಲವೂ ಗಂಡೇ. ಜೊತೆಯಲ್ಲಿ ದೊಡ್ಡದಾಗಿ ಬೆಳೆದದ್ದು ಹೆಣ್ಣಾಗುತ್ತದೆ. ಮರಿಯಾಗಿ ತಂದ ಎರಡರಲ್ಲಿ ಯಾವುದು ಯಜಮಾನಿ ಆಗುತ್ತದೆ ಅಂತ ತಿಂಗಳುಗಟ್ಟಲೆ ನೋಡಿದ್ದೇನೆ. ಸಣ್ಣದು ದೊಡ್ಡದರ ಮುಂದೆ ಬಂದು ಮೈ ನಡುಗಿಸಿ ಸೋಲು ಒಪ್ಪಿಕೊಳ್ಳುತ್ತದೆ. ಆಮೇಲೆ ಜಗಳ ಇಲ್ಲ.

ನೀರಿನ ವಿಷಯದಲ್ಲಿ ರಾಜಿ ಬೇಡ. ಬೋರ್‌ವೆಲ್ ನೀರು ನೇರವಾಗಿ ಹಾಕುವ ಮಾತೇ ಇಲ್ಲ. ಕಾವೇರಿ ನೀರಾದರೂ ಆರ್‌ಓ ಆದಮೇಲೆ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ದಾಟಿಸಿ, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣದ ಅಳತೆ) ಸೊನ್ನೆಗೆ ಬರಬೇಕು. ಕುಡಿಯುವ ಆರ್‌ಓ ಅಷ್ಟಕ್ಕೆ ಇಳಿಸಲ್ಲ. ಲೀಟರಿಗೆ ಸುಮಾರು 35 ಗ್ರಾಂ ಮರೈನ್ ಸಾಲ್ಟ್. ಅಡುಗೆ ಉಪ್ಪಿನಲ್ಲಿ ಆಗುವ ಕೆಲಸ ಅಲ್ಲ ಇದು. ನೀರು ಆವಿಯಾದಾಗ ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನಾ ಮೇಲೆ ತುಂಬಬೇಕಾದ್ದು ಉಪ್ಪಿಲ್ಲದ ನೀರು. ಕರೆಂಟ್ ಹೋದಾಗ ಮೊದಲು ಉಳಿಸಬೇಕಾದದ್ದು ಲೈಟಲ್ಲ, ನೀರಿನ ಓಡಾಟ. ಇನ್ವರ್ಟರ್ ಲೈನಿಗೆ ವೇವ್‌ಮೇಕರ್, ಅಂದರೆ ಟ್ಯಾಂಕಿನೊಳಗೆ ನೀರು ಓಡಾಡಿಸುವ ಪಂಪು, ಸಿಕ್ಕಿಸಿ. ಏಪ್ರಿಲ್‌ನಲ್ಲಿ ನೀರು 28 ದಾಟಿದರೆ ಮೇಲೆ ಫ್ಯಾನ್, ಅದಕ್ಕೂ ಬಗ್ಗದಿದ್ದರೆ ನೀರು ತಣ್ಣಗೆ ಮಾಡುವ ಚಿಲ್ಲರ್.

ಕಿರಣ್, ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಭಾವನಿಗೆ ಫೋನ್ ಮಾಡಿ ಆಲ್ಕಲಿನಿಟಿ ಎಷ್ಟಿದೆ ಅಂತ ಕೇಳಿದೆ. ಮುಕ್ಕಾಲು ಗಂಟೆ ಮಾತಾಡಿದರು. ರಾಘು ಸರ್, ಕ್ಲೌನ್ ಜೊತೆ ಸಾಕು ಅನ್ನಿಸುತ್ತಿದೆ. ನಮ್ಮಲ್ಲಿ ಹ್ಯಾಚರಿ ಮೀನು ಸಿಗುತ್ತಾ? ಶುರು ಮಾಡಿ ಎಷ್ಟು ದಿನಕ್ಕೆ ಮೀನು ಬಿಡಬಹುದು?

ರಾಘು, ಬೆಂಗಳೂರು

ಸಿಗುತ್ತದೆ. ಕ್ಲೌನ್ ಮರಿ ಮಾಡಿಸುವ ತಂತ್ರ ಸಿಎಂಎಫ್‌ಆರ್‌ಐನವರು (ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ನಮ್ಮ ದೇಶದಲ್ಲೇ ಬೆಳೆಸಿದ್ದಾರೆ. ಅಲ್ಲಿಂದ ಕಲಿತು ಸಾಕುವವರೂ ಇದ್ದಾರೆ. ಮೀನು ಬಿಡೋಕೆ ಮಾತ್ರ ಆತುರ ಬೇಡ. ಉಪ್ಪುನೀರು ತುಂಬಿಸಿ, ಸ್ವಲ್ಪ ಅಮೋನಿಯ ಹಾಕಿ ಬಿಡಿ. ಅದನ್ನು ತಿನ್ನುವ ಬ್ಯಾಕ್ಟೀರಿಯ ಬೆಳೆದ ಹಾಗೆ ಅಮೋನಿಯ ಇಳಿದು ನೈಟ್ರೈಟ್ ಏರುತ್ತದೆ, ಅದೂ ಇಳಿದು ನೈಟ್ರೇಟ್ ಕಾಣುತ್ತದೆ. ಮೊದಲೆರಡೂ ಸೊನ್ನೆಗೆ ಬರೋಕೆ ಸಾಮಾನ್ಯವಾಗಿ 4ರಿಂದ 6 ವಾರ. ಅಲ್ಲಿಯವರೆಗೆ ಖಾಲಿ ಟ್ಯಾಂಕೇ ನೋಡುತ್ತಿರಿ. ಅಂಗಡಿಯಲ್ಲಿ ಮೀನು ಆರಿಸುವಾಗ ಕಣ್ಣೆದುರೇ ಪೆಲೆಟ್ (ಒಣ ಕಾಳಿನಂಥ ಮೀನಿನ ಊಟ) ಹಾಕಿಸಿ. ಹ್ಯಾಚರಿ ಮೀನು ಸಾಮಾನ್ಯವಾಗಿ ಅದನ್ನು ನೋಡಿದ ತಕ್ಷಣ ಬಂದು ತಿನ್ನುತ್ತದೆ. ತಿನ್ನದಿದ್ದರೆ ಇನ್ನೊಂದು ವಾರ ಬಿಟ್ಟು ಹೋಗಿ.