ಸಹಾಯ ಬೇಕು: ‘ಕಸ್ಟೋಡಿಯನ್’ ಅಂದರೆ ಕನ್ನಡದಲ್ಲಿ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಊರಲ್ಲೊಬ್ಬರ ಹಳೇ ಮನೆ, ಅಡಿಕೆ ತೋಟ ಎರಡನ್ನೂ ನಮ್ಮ ಚಿಕ್ಕಪ್ಪ ನೋಡಿಕೊಳ್ತಿದ್ದಾರೆ. ಯಜಮಾನರ ಮಗ ಅಮೆರಿಕದಲ್ಲಿದ್ದಾನೆ. ಕರಾರು ಪತ್ರ ಇಂಗ್ಲಿಷಿನಲ್ಲಿ ಕಳಿಸಿ ಚಿಕ್ಕಪ್ಪನನ್ನು ‘ಕಸ್ಟೋಡಿಯನ್’ ಅಂತ ಕರೆದಿದ್ದಾನೆ. ಕನ್ನಡಕ್ಕೆ ತರೋ ಕೆಲಸ ನನ್ನ ತಲೆಗೆ ಬಿತ್ತು.

ಚಿಕ್ಕಮ್ಮನಿಗೆ ಕಸ್ಟಡಿ ಅಂದರೆ ಪೊಲೀಸ್ ಸ್ಟೇಷನ್ನೇ, ಗಾಬರಿಯಾಗಿದ್ದಾರೆ! ಮೂಲ ಲ್ಯಾಟಿನ್‌ನ ‘ಕುಸ್ಟೋಸ್’, ಅಂದರೆ ಕಾವಲುಗಾರ. ಆದರೆ ಅಮೆರಿಕದ ಶಾಲೆಗಳಲ್ಲಿ ನೆಲ ಒರೆಸಿ ಕಟ್ಟಡ ನೋಡಿಕೊಳ್ಳುವವನೂ ಕಸ್ಟೋಡಿಯನ್, ಷೇರುಪೇಟೆಯಲ್ಲಿ ಬೇರೆಯವರ ಷೇರು ಜೋಪಾನ ಮಾಡುವ ಬ್ಯಾಂಕೂ ಕಸ್ಟೋಡಿಯನ್. ನಮ್ಮಲ್ಲೇ 1968ರ ಶತ್ರು ಆಸ್ತಿ ಕಾಯ್ದೆಯಲ್ಲಿ (ಪಾಕಿಸ್ತಾನ, ಚೀನಾಕ್ಕೆ ಹೋದವರು ಇಲ್ಲಿ ಬಿಟ್ಟ ಆಸ್ತಿಯ ಕಾನೂನು) ಆ ಹೆಸರಿನ ಸರ್ಕಾರಿ ಅಧಿಕಾರಿಯೇ ಇದ್ದಾರೆ.

‘ಪಾಲಕ’ ಅಂದರೆ ಮಕ್ಕಳ ಅಪ್ಪ-ಅಮ್ಮ ಅನ್ಸುತ್ತೆ. ‘ಕಾವಲುಗಾರ’ ಅಂದರೆ ಚಿಕ್ಕಪ್ಪನಿಗೆ ಸಿಟ್ಟು. ‘ಮೇಟಿ’ ಅಂದರೆ ಐಬಿ (ಸರ್ಕಾರಿ ಪ್ರವಾಸಿ ಮಂದಿರ) ನೆನಪಾಗುತ್ತೆ, ‘ಪಾರುಪತ್ಯಗಾರ’ ದೇವಸ್ಥಾನಕ್ಕೇ ಸರಿ. ನನಗೆ ‘ಉಸ್ತುವಾರಿ’ ಹಿಡಿಸಿತ್ತು, ಆದರೆ ಆಸ್ತಿಯ ಹೊಣೆ ಅದರಲ್ಲಿ ಬರುತ್ತಾ?

ಕರಾರು ಪತ್ರ ಬರೆಯೋರು, ವಕೀಲರು ಯಾರಾದರೂ ಇದ್ದರೆ ತಿಳಿಸಿ. ಮನೆಯಲ್ಲಿರೋದನ್ನ ಕಾಯಬೇಕು, ಮಾರೋ ಹಕ್ಕಿಲ್ಲ, ಈ ಎರಡೂ ಆ ಪದದಲ್ಲಿ ಕಾಣಬೇಕು.