ಎರಡು ಊರಿನ ಮಕ್ಕಳು ಮತ್ತು ಸ್ಟಾರ್ ಟ್ರೆಕ್

ಬದಿಯಡ್ಕದ ಅಕ್ಕ ಮೊನ್ನೆ ನಮ್ಮ ಈ ಗುಂಪಿನಲ್ಲಿ ಕೇಳಿದ್ದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಮಗ ಕನ್ನಡ ಕ್ಲಾಸಿಗೆ ಬರಲು ಒಪ್ಪುವುದಿಲ್ಲ, ಬಾಹ್ಯಾಕಾಶ ಹಡಗಿನವರ ಕತೆ ಹೇಳುವ ಸ್ಟಾರ್ ಟ್ರೆಕ್ ಟೀವಿ ಸರಣಿಗಳನ್ನು ಮಾತ್ರ ಬಿಡುವುದಿಲ್ಲ, ಟೀವಿ ಬಂದ್ ಮಾಡಲಾ ಅಂತ ಕೇಳಿದ್ದೀರಿ. ಬಂದ್ ಮಾಡಬೇಡಿ ಅಕ್ಕ. ಪಕ್ಕದಲ್ಲಿ ಕೂತು ನೀವೂ ನೋಡಿ. ಮಕ್ಕಳಿಗೆ ಹೇಗೆ ಹೇಳುವುದು ಅಂತ ಕಾಸರಗೋಡಿನಿಂದ ಪರದೇಶಕ್ಕೆ ಬಂದ ನಾವು ಗಡಿನಾಡಿನವರು ಒದ್ದಾಡುವ ವಿಷಯವೇ ಅಲ್ಲಿ ಕತೆಯಾಗಿ ಬರುತ್ತದೆ.

ವೋರ್ಫ್ ಎಂಬ ಪಾತ್ರವನ್ನು ನೋಡಿ. 1987ರಿಂದ 1994ರವರೆಗೆ ಬಂದ 'ದಿ ನೆಕ್ಸ್ಟ್ ಜನರೇಶನ್' ಎಂಬ ಸ್ಟಾರ್ ಟ್ರೆಕ್ ಸರಣಿಯವನು. ಹುಟ್ಟಿನಿಂದ ಕ್ಲಿಂಗಾನ್, ಅಂದರೆ ಬೇರೊಂದು ಗ್ರಹದ ಯೋಧ ಕುಲದವನು. ಚಿಕ್ಕವನಿದ್ದಾಗ ಹೆತ್ತವರು ಒಂದು ದಾಳಿಯಲ್ಲಿ ಸತ್ತರು, ಮನುಷ್ಯ ದಂಪತಿ ಅವನನ್ನು ಸಾಕಿದರು. ದೂರದಲ್ಲಿ ಬೆಳೆದ ಕಾರಣ ಅವನು ಕ್ಲಿಂಗಾನ್ ಆಚಾರಗಳನ್ನೆಲ್ಲ ಓದಿ, ಕೇಳಿ, ಗಟ್ಟಿಯಾಗಿ ಹಿಡಿದುಕೊಂಡಿದ್ದಾನೆ. ಅವರ ಮೂಲ ಗ್ರಹದಲ್ಲೇ ಇರುವ ದೊಡ್ಡ ದೊಡ್ಡ ನಾಯಕರು ಸುಳ್ಳು ಹೇಳುತ್ತಾರೆ, ಕುರ್ಚಿಗಾಗಿ ಕಚ್ಚಾಡುತ್ತಾರೆ. ಮಾನ ಮರ್ಯಾದೆ ಅಂತ ಜೀವ ಬಿಡುವವನು ಇವನೊಬ್ಬ.

ಇದು ನಮ್ಮ ಕತೆ ಅನ್ನಿಸುವುದಿಲ್ಲವೇ? ಬೆಂಗಳೂರಿನ ಎಷ್ಟೋ ಮನೆಗಳಿಗಿಂತ ನೀರ್ಚಾಲು, ಪೆರ್ಲ, ಕುಂಬಳೆಯ ಮನೆಗಳಲ್ಲಿ ಕನ್ನಡದ ಹಠ ಜಾಸ್ತಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಆ ಹಠ ಬೆಳೆಯಿತು. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು. ಊರು ಕರ್ನಾಟಕಕ್ಕೆ ಸೇರಬೇಕೆಂಬ ಆಸೆಯನ್ನು ಅವರು ಅಷ್ಟು ಕಾಲವೂ ಬಿಡಲಿಲ್ಲ. ಆ ಹಠದಲ್ಲೇ ನಾವು ಬೆಳೆದೆವು. ಈಗ ಅದನ್ನು ಸಮುದ್ರ ದಾಟಿಸಿ ತಂದಿದ್ದೇವೆ. ನನಗೆ ಅದರ ಬಗ್ಗೆ ಹೆಮ್ಮೆಯಿದೆ. ಆದರೆ ಅದು ನಮ್ಮ ಮಕ್ಕಳ ಹಠ ಅಲ್ಲ.

ಇದನ್ನೂ ವೋರ್ಫ್‌ನ ಕತೆ ಮುಟ್ಟುತ್ತದೆ. ಅವನಿಗೊಬ್ಬ ಮಗ, ಅಲೆಕ್ಸಾಂಡರ್. ಯೋಧನಾಗುವ ಆಸೆಯೇ ಅವನಿಗಿಲ್ಲ. ಅಪ್ಪ ಆಚಾರ ಕಲಿಸಲು ನೋಡುತ್ತಾನೆ, ಮಗ ಜಾರಿಕೊಳ್ಳುತ್ತಾನೆ. 1994ರ 'ಫರ್ಸ್ಟ್‌ಬಾರ್ನ್' ಕಂತಿನಲ್ಲಿ, ಮಗ ತನ್ನ ದಾರಿ ತಾನೇ ಹುಡುಕಲಿ ಅಂತ ಬಿಡುವುದನ್ನು ಆ ಅಪ್ಪ ಕಲಿಯುತ್ತಾನೆ. ನಮ್ಮ ಗುಂಪಿನ ಅಪ್ಪಂದಿರು ಇದೊಂದನ್ನಾದರೂ ನೋಡಬೇಕು.

ಮತ್ತೆ ವೋರ್ಫ್‌ನನ್ನು ಸಾಕಿದ ತಾಯಿ. ಹುಡುಗ ಮನುಷ್ಯರ ಊಟ ಮುಟ್ಟದಿದ್ದಾಗ ಆಕೆ ಕ್ಲಿಂಗಾನ್ ಅಡುಗೆ ಕಲಿತಳು. 1990ರ 'ಫ್ಯಾಮಿಲಿ' ಎಂಬ ಕಂತಿನಲ್ಲಿ ಈ ಮಾತು ಬರುತ್ತದೆ. ವೋರ್ಫ್ ಮನೆಯ ಕಡೆ ನೋಡುವಾಗ ಕ್ಲಿಂಗಾನ್ ಸಾಮ್ರಾಜ್ಯದ ಕಡೆ ನೋಡುವುದಿಲ್ಲ, ನಿಮ್ಮ ಕಡೆ ನೋಡುತ್ತಾನೆ ಅಂತ ಹಡಗಿನ ಗೆಳತಿಯೊಬ್ಬಳು ಆ ತಂದೆ ತಾಯಿಗೆ ಹೇಳುತ್ತಾಳೆ. ನನಗೆ ಅಲ್ಲಿ ಕಣ್ಣು ತುಂಬಿ ಬಂತು.

ನಮ್ಮ ಮುಖಗಳೇ ಇಲ್ಲದ ಸರಣಿಯಲ್ಲಿ ಮಕ್ಕಳಿಗೆ ಏನು ಸಿಗುತ್ತದೆ ಅಂತ ಮಂಜೇಶ್ವರದ ಭಾವ ಕೇಳಿದ್ದರು. ಮುಖ ಮುಖ್ಯ, ನಾನು ಇಲ್ಲ ಅನ್ನುವುದಿಲ್ಲ. 1966ರಲ್ಲಿ ಶುರುವಾದ ಮೊದಲ ಸ್ಟಾರ್ ಟ್ರೆಕ್ ಸರಣಿಯಲ್ಲಿ ಉಹುರಾ ಪಾತ್ರ ಮಾಡಿದ ಕಪ್ಪು ಜನಾಂಗದ ನಟಿ ನಿಶೆಲ್ ನಿಕೋಲ್ಸ್ ಬಿಟ್ಟುಹೋಗಲು ಹೊರಟಾಗ, ಹೋಗಬೇಡಿ ಅಂತ ಹೇಳಿದವರು ಮಾರ್ಟಿನ್ ಲೂಥರ್ ಕಿಂಗ್. ಉಹುರಾಳನ್ನು ನೋಡುತ್ತ ಬೆಳೆದ ಕಪ್ಪು ಹುಡುಗಿ ಮೇ ಜೆಮಿಸನ್ 1992ರಲ್ಲಿ ನಿಜವಾಗಿಯೂ ಬಾಹ್ಯಾಕಾಶಕ್ಕೆ ಹೋದರು. ಆದರೆ ಭಾವ, ಮಕ್ಕಳು ತಮ್ಮನ್ನು ಮುಖದಲ್ಲಿ ಮಾತ್ರ ಹುಡುಕುವುದಿಲ್ಲ. ಹಣೆ ತುಂಬ ಏಣು ಇರುವ ಕ್ಲಿಂಗಾನ್‌ನಲ್ಲೂ ತಮ್ಮ ಪಾಡು ಕಾಣುತ್ತಾರೆ.

'ವಾಯೇಜರ್' ಎಂಬ ಇನ್ನೊಂದು ಸ್ಟಾರ್ ಟ್ರೆಕ್ ಸರಣಿಯ ಬಿಲಾನಾ ಟೊರೆಸ್ ಅಂಥ ಪಾಡಿನವಳು. ಅಮ್ಮ ಕ್ಲಿಂಗಾನ್, ಅಪ್ಪ ಮನುಷ್ಯ. 2001ರ 'ಲಿನಿಯೇಜ್' ಕಂತಿನಲ್ಲಿ ಅವಳು ಬಸುರಿ. ಮಗುವಿಗೂ ಹಣೆಯ ಏಣು ಬರುತ್ತದೆ ಅಂತ ಗೊತ್ತಾದಾಗ, ಮಗು ಹುಟ್ಟುವ ಮೊದಲೇ ಆ ಏಣನ್ನು ಇಲ್ಲವಾಗಿಸಲು ಹೊರಡುತ್ತಾಳೆ. ಯಾಕೆ? ಇಬ್ಬರು ಕ್ಲಿಂಗಾನ್‌ಗಳ ಜೊತೆ ಬಾಳುವುದು ಕಷ್ಟ ಅಂತ ಅಪ್ಪ ತನ್ನ ಅಣ್ಣನ ಹತ್ತಿರ ಹೇಳಿದ್ದು ಚಿಕ್ಕಂದಿನಲ್ಲಿ ಅವಳ ಕಿವಿಗೆ ಬಿದ್ದಿತ್ತು. ಅಪ್ಪ ಮನೆ ಬಿಟ್ಟುಹೋದ. ತನ್ನಿಂದಲೇ ಹೋದ ಅಂತ ಅವಳು ನಂಬಿದಳು.

ನಾವು ರಜೆಗೆ ಊರಿಗೆ ಹೋದಾಗ ಜಗಲಿಯಲ್ಲಿ ಕೂತವರು ಮಕ್ಕಳ ಎದುರೇ ಹೇಳುವುದಿಲ್ಲವೇ? ಇದಕ್ಕೆ ಕನ್ನಡವೂ ಇಲ್ಲ, ತುಳುವೂ ಇಲ್ಲ, ಬರೀ ಇಂಗ್ಲಿಷ್ ಅಂತ. ನಾವೂ ಸುಮ್ನೆ ನಕ್ಕುಬಿಡುತ್ತೇವೆ. ಇನ್ನು ಮೇಲೆ ನಗಬೇಡಿ ಅಂತ ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಹವ್ಯಕ ಮಾತು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರ್ಕಾರಿ ಕಚೇರಿಯಲ್ಲಿ ಮಲಯಾಳ ಅಂತ ಬೆಳೆದವರು ನಾವು. ಒಂದೇ ಊರು, ಒಂದೇ ಭಾಷೆ ಇದ್ದರೆ ಮಾತ್ರ ಪೂರ್ತಿ ಮನುಷ್ಯ ಅಂತ ನಾವು ಯಾವತ್ತೂ ಅಂದುಕೊಂಡಿರಲಿಲ್ಲ. ಮಕ್ಕಳಿಗೆ ಅದನ್ನೇ ಹೇಳೋಣ.

ಒಂದು ಸಲಹೆ ಇದೆ. ನವೆಂಬರಿನ ರಾಜ್ಯೋತ್ಸವಕ್ಕೆ ಹಾಡು, ಡ್ಯಾನ್ಸ್ ಇದ್ದೇ ಇರುತ್ತದೆ. ಈ ಸಲ ದೊಡ್ಡ ಮಕ್ಕಳಿಗೆ ಕಾಲದಲ್ಲಿ ಹಿಂದೆ ಮುಂದೆ ಓಡಾಡುವವರ ಕತೆಯ ಬ್ರಿಟಿಷ್ ಸರಣಿ ಡಾಕ್ಟರ್ ಹೂನ 2018ರ ಕಂತು 'ಡೀಮನ್ಸ್ ಆಫ್ ದಿ ಪಂಜಾಬ್' ತೋರಿಸೋಣ. ಬ್ರಿಟನ್ನಿನಲ್ಲಿ ಬೆಳೆದ ಯಾಸ್ಮಿನ್ ಎಂಬ ಹುಡುಗಿ ಅಜ್ಜಿಯ ಹಳೇ ಕತೆ ಹುಡುಕಿ ದೇಶ ವಿಭಜನೆಯಾದ 1947ಕ್ಕೆ ಹೋಗುತ್ತಾಳೆ. ಒಂದೇ ಮನೆಯವರ ನಡುವೆ ಗಡಿ ಬೀಳುವುದನ್ನು ನೋಡುತ್ತಾಳೆ. ಅಲ್ಲಿ ಲಕ್ಷಗಟ್ಟಲೆ ಜನ ಸತ್ತರು, ನಮ್ಮದನ್ನು ಅದರ ಪಕ್ಕ ಇಡುವ ಹಾಗಿಲ್ಲ. ಆದರೂ ಅದನ್ನು ನೋಡಿದ ಮಕ್ಕಳು ನಮ್ಮ ಅಜ್ಜಿಗೆ ಏನಾಯಿತು ಅಂತ ಕೇಳುತ್ತಾರೆ. ಆಗ 1956ರ ನವೆಂಬರ್ 1ರ ವಿಷಯ ಹೇಳಬಹುದು. ಚಂದ್ರಗಿರಿ ಹೊಳೆಯ ಉತ್ತರದ ಊರುಗಳು ಕರ್ನಾಟಕಕ್ಕೆ ಸೇರಲಿ ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು, ಅದು ಜಾರಿಗೆ ಬಾರದೇ ಹೋದದ್ದು, ಎಲ್ಲ. ಊರಿನಲ್ಲಿ ಆ ಕಾಲ ನೆನಪಿರುವ ಹಿರಿಯರು ಯಾರ ಮನೆಯಲ್ಲಿದ್ದಾರೋ, ಅವರನ್ನು ವಿಡಿಯೋ ಕಾಲ್‌ನಲ್ಲಿ ಕೂರಿಸೋಣ. ಮಾತು ಮಕ್ಕಳೇ ಆಡಲಿ, ಯಾವ ಭಾಷೆಯಲ್ಲಾದರೂ ಸರಿ.

ಆ ಕಂತಿನ ಕೊನೆಯಲ್ಲಿ ಒಂದು ಸಾವು ಇದೆ, ಹಾಗಾಗಿ ಹತ್ತು ವರ್ಷ ದಾಟಿದವರಿಗೆ ಮಾತ್ರ. ಹಾಲ್ ಬುಕ್ ಮಾಡುವವರು ಅಲ್ಲಿ ಪ್ರೊಜೆಕ್ಟರ್ ಇದೆಯೇ ಅಂತ ವಿಚಾರಿಸಿ ತಿಳಿಸಿ. ಸಂಜೆ ಇಟ್ಟರೆ ಊರಿನಲ್ಲಿ ನಡುರಾತ್ರಿ ಆಗಿಬಿಡುತ್ತದೆ, ಬೆಳಗ್ಗೆಯೇ ಇಟ್ಟುಕೊಳ್ಳೋಣ.