ಲಕ್ಷದ್ವೀಪದಲ್ಲಿ ಕಡಲಾಮೆ ನೋಡಲು ಹೊರಟಿದ್ದೇವೆ, ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ಚಿಕ್ಕಮಗಳೂರಿನಿಂದ

ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಮಾರ್ಚ್ ಕೊನೆಗೆ, ಮಗಳನ್ನು ಕರೆದುಕೊಂಡು ಲಕ್ಷದ್ವೀಪಕ್ಕೆ ಹೋಗುವ ಯೋಚನೆ ಇದೆ. ಅವಳಿಗೆ ಹನ್ನೆರಡು ವರ್ಷ. ಸ್ನಾರ್ಕೆಲಿಂಗ್ ಮಾಡಿ (ಮಾಸ್ಕ್ ಹಾಕಿ, ಕೊಳವೆಯಿಂದ ಉಸಿರಾಡುತ್ತಾ ಬೋರಲಾಗಿ ತೇಲಿ) ನೀರಿನೊಳಗೇ ಕಡಲಾಮೆ ನೋಡಬೇಕೆಂದು ಹಟ ಹಿಡಿದಿದ್ದಾಳೆ. ಇಬ್ಬರಿಗೂ ಈಜು ಅಷ್ಟಕ್ಕಷ್ಟೇ, ನನಗೆ ಕನ್ನಡಕ ಬೇರೆ. ಆಮೆ ಎಲ್ಲಿ ಕಾಣುತ್ತದೆ, ಎದುರಾದರೆ ಹೇಗಿರಬೇಕು, ಇಲ್ಲಿಂದಲೇ ಏನು ತಯಾರಿ ಬೇಕು?

ಸಕಲೇಶಪುರದಿಂದ

ಅಕ್ಕ, ನಾನು ಅಗತ್ತಿ ಮತ್ತು ಕಡಮತ್ ದ್ವೀಪಗಳಲ್ಲಿ ನೋಡಿದ್ದೇನೆ. ಅಲ್ಲಿ ಹವಳದ ದಿಬ್ಬ ದೊಡ್ಡ ಅಲೆಗಳನ್ನು ಹೊರಗೇ ತಡೆಯುತ್ತದೆ, ಒಳಗಿನ ಲಗೂನ್‌ನಲ್ಲಿ, ಅಂದರೆ ದಿಬ್ಬಕ್ಕೂ ದ್ವೀಪಕ್ಕೂ ನಡುವಿನ ಕಡಲಿನಲ್ಲಿ, ನೀರು ಆಳವಿಲ್ಲದೆ ತಿಳಿಯಾಗಿರುತ್ತದೆ. ಅದರ ತಳದಲ್ಲಿ ಕಡಲಹುಲ್ಲು ಬೆಳೆಯುತ್ತದೆ. ಬೆಳೆದ ಹಸಿರು ಕಡಲಾಮೆಗೆ ಅದೇ ಮುಖ್ಯ ಮೇವು. ಆದ್ದರಿಂದ ಹವಳದ ಬಣ್ಣ ನೋಡುತ್ತಾ ಹೊತ್ತು ಕಳೆಯುವ ಬದಲು, ಹುಲ್ಲು ಇರುವ ಕಡೆ ಕರೆದೊಯ್ಯಿರಿ ಎಂದು ದೋಣಿಯವರಿಗೆ ಹೇಳಿ. ಅಗತ್ತಿಯಲ್ಲಿ ಒಂದು ಕಾಲಕ್ಕೆ ಆಮೆಗಳು ಎಷ್ಟಿದ್ದವೆಂದರೆ ಹುಲ್ಲೇ ಸವೆದು, ಮೀನು ಕಡಿಮೆಯಾಯಿತೆಂದು ಅಲ್ಲಿನ ಮೀನುಗಾರರು ದೂರಿದ್ದರು. ಮುಂದೆ ಕಡಮತ್‌ನಲ್ಲಿ ಆಮೆಗಳು ಹೆಚ್ಚಾದವು. ಹಳೆಯ ವಿಡಿಯೊ ನಂಬಿ ಜಾಗ ಗೊತ್ತುಮಾಡಿಕೊಳ್ಳಬೇಡಿ, ಈಗ ಎಲ್ಲಿವೆ ಎಂದು ದ್ವೀಪದವರನ್ನೇ ಕೇಳಿ.

ಎದುರಾದಾಗ ಮೊದಲು ನೆನಪಿಗೆ ಬರಬೇಕಾದದ್ದು ಅದರ ಉಸಿರು. ಆಮೆಗೂ ಶ್ವಾಸಕೋಶವೇ ಇರುವುದು, ಗಾಳಿಗಾಗಿ ಮೇಲೆ ಬರಲೇಬೇಕು. ನಿದ್ರಿಸುವಾಗ ಗಂಟೆಗಟ್ಟಲೆ ತಳದಲ್ಲಿರಬಲ್ಲದು, ಬೆದರಿ ಓಡಿದರೆ ಬಹಳ ಬೇಗ ಗಾಳಿ ಬೇಕಾಗುತ್ತದೆ. ನೀವು ನೇರವಾಗಿ ಅದರ ಮೇಲೆ ತೇಲುತ್ತಿದ್ದರೆ ದಾರಿ ಕಟ್ಟಿದಂತಾಗುತ್ತದೆ. ಪಕ್ಕಕ್ಕೆ ನಾಲ್ಕೈದು ಮೀಟರ್ ದೂರ ಇದ್ದು, ಕಾಲು ಬಡಿಯದೆ ತೇಲಿ. ಮೇಯುತ್ತಿರುವ ದನದ ಮುಂದೆ ನಿಂತರೆ ತಲೆ ಎತ್ತಿ ನೋಡುವುದಿಲ್ಲವೇ, ಆಮೆಯೂ ಹಾಗೆಯೇ. ಮೇವು ಬಿಟ್ಟು ನಿಮ್ಮತ್ತ ನೋಡಿತೆಂದರೆ ಹಿಂದೆ ಸರಿಯಿರಿ. ಸುಮ್ಮನಿದ್ದರೆ ಅದೇ ನಿಮ್ಮ ಪಕ್ಕದಲ್ಲಿ ಹಾದು ಮೇಲೆ ಬಂದು, ಉಸಿರೆಳೆದು, ಮತ್ತೆ ಇಳಿಯುತ್ತದೆ. ಆ ಉಸಿರಿನ ಸದ್ದು ಕೇಳಿಸಿದರೆ ಮಗಳು ಜೀವಮಾನವಿಡೀ ಮರೆಯಲಾರಳು.

ಮೂಡಿಗೆರೆಯಿಂದ

ಪ್ರವೇಶ ಪರವಾನಗಿ ಕೈಗೆ ಬರುವ ಮೊದಲು ಕೊಚ್ಚಿಯಿಂದ ಮುಂದಿನ ಟಿಕೆಟ್ ತೆಗೆಯಬೇಡಿ. ಅಷ್ಟು ದೂರ ಯಾಕೆ, ಮುರುಡೇಶ್ವರದ ನೇತ್ರಾಣಿ ದ್ವೀಪ ಸಾಲದೇ ಎಂದು ಕೆಲವರು ಹೇಳಬಹುದು. ನೇತ್ರಾಣಿ ಸುಂದರವಾದ ಜಾಗ, ಆಮೆಯೂ ಆಗಾಗ ಕಾಣುತ್ತದೆ. ಆದರೆ ದಡದಿಂದ ಸುಮಾರು 19 ಕಿ.ಮೀ. ದೂರದ ತೆರೆದ ಕಡಲು, ನೀರು ಆಳ, ದೋಣಿಯಲ್ಲೇ ಅನೇಕರಿಗೆ ವಾಂತಿ ಬರುತ್ತದೆ. ಈಜು ಅಷ್ಟಕ್ಕಷ್ಟೇ ಇರುವ ಮಗುವಿಗೆ ಲಗೂನ್ ಒಳ್ಳೆಯದು.

ಹಾಸನದಿಂದ

ಮಕ್ಕಳಿಗೆ ಈಜು ಕಲಿಸುವವಳಾಗಿ ಹೇಳುತ್ತೇನೆ. ಹೊರಡುವ ಮೊದಲು ಈಜುಕೊಳದಲ್ಲಿ ಮುಖ ನೀರಿಗಿಟ್ಟು, ಬಾಯಿಯಿಂದಷ್ಟೇ ಉಸಿರಾಡುವುದನ್ನು ಅಭ್ಯಾಸ ಮಾಡಿಸಿ. ಕೊಳವೆಗೆ ನೀರು ನುಗ್ಗಿದರೆ ಜೋರಾಗಿ ಊದಿ ಹೊರಹಾಕುವುದು ಅಭ್ಯಾಸವಾಗಿಬಿಟ್ಟರೆ ಅರ್ಧ ಭಯ ಹೋಗುತ್ತದೆ. ಗೊರೂರಿನ ಹಿನ್ನೀರಿನಲ್ಲೋ ಕೆರೆಯಲ್ಲೋ ಮಾತ್ರ ಈ ಪ್ರಯೋಗ ಬೇಡ, ಅಲ್ಲಿ ಕೆಸರು, ತಳ ಕಾಣುವುದಿಲ್ಲ. ಕಡಲಿನಲ್ಲಿ ಲೈಫ್ ಜಾಕೆಟ್ ಬಿಚ್ಚಲೇಬೇಡಿ.

ಇನ್ನೊಂದು ಮಾತು. ಆಮೆಯನ್ನು ಹಿಡಿದು ಕೊಡುತ್ತೇವೆ, ಫೋಟೊ ತೆಗೆಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಬೇಡವೆನ್ನಿ, ಮಗಳ ಎದುರಿಗೇ ಬೇಡವೆನ್ನಿ. ಕಡಲಾಮೆಗೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳಲು ಆಗುವುದಿಲ್ಲ. ನಮ್ಮ ಕೆರೆಯ ಆಮೆಗಿರುವ ಆ ರಕ್ಷಣೆಯೂ ಅದಕ್ಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿ ಅದು, ಹಿಡಿಯುವುದು ಅಪರಾಧ.

ಕೊಪ್ಪದಿಂದ

ಕನ್ನಡಕದ ಬಗ್ಗೆ ಯಾರೂ ಹೇಳಲಿಲ್ಲ. ಕನ್ನಡಕದ ಕಡ್ಡಿ ಮಾಸ್ಕಿನ ಅಂಚಿಗೆ ಸಿಕ್ಕಿ ನೀರು ಒಳಗೆ ಬರುತ್ತದೆ, ಹಾಕಿಕೊಂಡು ಇಳಿಯಲಾಗದು. ಪವರ್ ಇರುವ ಗಾಜಿನ ಮಾಸ್ಕ್ ಸಿಗುತ್ತದೆ, ನಿಮ್ಮ ಸಂಖ್ಯೆ ಹೇಳಿ ಮೊದಲೇ ತರಿಸಿಕೊಳ್ಳಿ. ನೀರಿನೊಳಗೆ ವಸ್ತುಗಳು ಕಾಲು ಭಾಗ ಹತ್ತಿರ, ಸ್ವಲ್ಪ ದೊಡ್ಡದಾಗಿ ಕಾಣುವುದರಿಂದ ದೂರದ್ದು ಮಸುಕಾಗಿ ಕಾಣುವ ತೊಂದರೆ ಅಲ್ಪವಿದ್ದರೆ ಸಾಮಾನ್ಯ ಮಾಸ್ಕೇ ಸಾಕಾಗಬಹುದು. ಬಿಸಿಲಿಗೆ ಕ್ರೀಮ್ ಬಳಿಯುವ ಬದಲು ಇಬ್ಬರೂ ತುಂಬುತೋಳಿನ ಈಜುಡುಗೆ ಹಾಕಿಕೊಳ್ಳಿ. ಕೆಲವು ಕ್ರೀಮುಗಳಲ್ಲಿರುವ ಆಕ್ಸಿಬೆನ್‌ಜೋನ್ ಎಂಬ ರಾಸಾಯನಿಕ ಹವಳಕ್ಕೆ ಹಾನಿ ಮಾಡುತ್ತದೆ, ಬೋರಲಾಗಿ ತೇಲುವಾಗ ಸುಡುವುದೂ ಬೆನ್ನೇ.